ಶಾರ್ಲೆಮೇನ್ ಫ್ರೆಂಚಾ, ಜರ್ಮನ್ನಾ? ಒಂದ್ಸಲ ಬರೆದುಬಿಡ್ತೀನಿ

ಜರ್ಮನಿಯ ಆಖೆನ್‌ಗೆ ಕೆಲಸಕ್ಕೆ ಬಂದು ಏಳು ವರ್ಷ ಆಯ್ತು. ಊರಿಂದ ಯಾರೇ ಬಂದ್ರೂ ಇಲ್ಲಿನ ಕ್ಯಾಥೆಡ್ರಲ್‌ಗೆ ಕರ್ಕೊಂಡು ಹೋಗ್ತೀನಿ. ನಡುವಿನ ಎಂಟು ಮೂಲೆಯ ಭಾಗ ಶಾರ್ಲೆಮೇನ್ ಕಟ್ಟಿಸಿದ್ದು, ಸಾವಿರದ ಇನ್ನೂರು ವರ್ಷದ ಹಿಂದೆ ಪಶ್ಚಿಮ ಯುರೋಪಿನ ಬಹುಭಾಗ ಆಳಿದ ಚಕ್ರವರ್ತಿ ಅವನು, ಅವನ ಮೂಳೆ ಇಟ್ಟಿರೋ ಚಿನ್ನದ ಪೆಟ್ಟಿಗೆ ಇರೋದೂ ಅಲ್ಲೇ. ಒಳಗೆ ಕಾಲಿಟ್ಟು ಐದು ನಿಮಿಷ ಆಗಿರಲ್ಲ, ಶುರು: "ಇವನು ಫ್ರೆಂಚಾ, ಜರ್ಮನ್ನಾ?"

ಎರಡೂ ಅಲ್ಲ ಕಣ್ರೀ. ಅವನು ಫ್ರಾಂಕ್, ಅಂದ್ರೆ ಆಗ ಆ ಕಡೆ ಆಳ್ತಿದ್ದ ಫ್ರಾಂಕ್ ಅನ್ನೋ ಜನಾಂಗದವನು. ಅವನು ಬದುಕಿದ್ದಾಗ ಫ್ರಾನ್ಸೂ ಇರ್ಲಿಲ್ಲ, ಜರ್ಮನೀನೂ ಇರ್ಲಿಲ್ಲ. ಅವನು ಸತ್ತಿದ್ದು 814ರಲ್ಲಿ, ಮೂವರು ಮೊಮ್ಮಕ್ಕಳು ಕಿತ್ತಾಡಿಕೊಂಡು ವೆರ್ಡನ್ ಒಪ್ಪಂದದಲ್ಲಿ ರಾಜ್ಯ ಪಾಲು ಮಾಡ್ಕೊಂಡಿದ್ದು 843ರಲ್ಲಿ, ಪಶ್ಚಿಮದ ಪಾಲು ನಿಧಾನಕ್ಕೆ ಫ್ರಾನ್ಸ್ ಆಯ್ತು, ಪೂರ್ವದ್ದು ನಿಧಾನಕ್ಕೆ ಜರ್ಮನಿ ಆಯ್ತು. ಮೊಮ್ಮಕ್ಕಳು ಹಾಕಿದ ಬೇಲಿ ತೋರಿಸಿ ತಾತ ಯಾವ ಕಡೆಯವನು ಅಂತ ಕೇಳಿದ್ರೆ ಏನು ಹೇಳೋದು? ಮನೆಮಾತು ಜರ್ಮಾನಿಕ್ ಭಾಷೆಗಳ ಕಡೆಯದು, ಲ್ಯಾಟಿನ್ನೂ ಸಲೀಸಾಗಿ ಮಾತಾಡ್ತಿದ್ದ, ಅರಮನೆ ಆಖೆನ್‌ನಲ್ಲಿ, ಚಕ್ರವರ್ತಿ ಕಿರೀಟ ಪೋಪ್ ಲಿಯೋ ಕೈಯಿಂದ ರೋಮ್‌ನಲ್ಲಿ, 800ರ ಕ್ರಿಸ್‌ಮಸ್ ದಿನ. ಪೋಲಿಷ್, ಚೆಕ್ ಭಾಷೆಗಳಲ್ಲಿ ರಾಜ ಅನ್ನೋದಕ್ಕೆ ಇರೋ ಪದವೇ ಕಾರ್ಲ್ ಅನ್ನೋ ಇವನ ಹೆಸರಿಂದ ಬಂದಿದ್ದು. ಇಂಥವನನ್ನ ಒಂದು ಪಾಸ್‌ಪೋರ್ಟ್ ಒಳಗೆ ತುರುಕಬೇಕಾ?

ಹೋದ ವರ್ಷ ಮಾವ ಬಂದಿದ್ರು. ಇಷ್ಟನ್ನೂ ಕ್ಯಾಥೆಡ್ರಲ್‌ನ ಮೇಲಿನ ಮಹಡಿಲಿ ಶಾರ್ಲೆಮೇನ್ ಹೆಸರಿನ ಸಿಂಹಾಸನದ ಮುಂದೆ ನಿಂತು ಹೇಳಿದೆ. ಎಲ್ಲ ಕೇಳಿಸ್ಕೊಂಡು, "ಸುತ್ತಿ ಬಳಸಿ ಯಾಕೋ ಹೇಳ್ತೀಯ, ಜರ್ಮನ್ ತಾನೆ?" ಅಂದ್ರು. ಹಿರಿಯರು, ಎದುರು ಮಾತಾಡಬಾರದು, ಆದ್ರೂ ಸಿಟ್ಟು ಬಂತು. ನೋಡೋಕೆ ಅಷ್ಟಿದೆ ಅಲ್ಲಿ! ಆ ಸಿಂಹಾಸನದಲ್ಲಿ ಚಿನ್ನ ಇಲ್ಲ, ಸಿಂಹ ಇಲ್ಲ, ಬರೀ ಅಮೃತಶಿಲೆ ಚಪ್ಪಡಿಗಳನ್ನ ಲೋಹದ ಪಟ್ಟಿ ಹಾಕಿ ಜೋಡಿಸಿದ್ದಾರೆ. ಒಂದು ಪಕ್ಕದ ಚಪ್ಪಡಿ ಮೇಲೆ ಯಾರೋ ಗೀರಿ ಗೀರಿ ಸಾಲುಮನೆ ಆಟದ ಮನೆ ಬರೆದಿದ್ದಾರೆ. ನಮ್ಮ ದೇವಸ್ಥಾನದ ಕಲ್ಲುಹಾಸಿನ ಮೇಲೆ ಕೊರೆದಿರ್ತಾರಲ್ಲ, ಅದೇ ಆಟ, ಒಂದರೊಳಗೊಂದು ಮೂರು ಚೌಕ. ತೋರಿಸಿದೆ. ಮಾವ ಕನ್ನಡಕ ಸರಿಮಾಡ್ಕೊಂಡು ಬಗ್ಗಿ ನೋಡಿದ್ರು, ಫ್ರೆಂಚು ಜರ್ಮನ್ನು ಅಲ್ಲಿಗೆ ನಿಂತ್ವು.

ನಮ್ಮವನು ನಮ್ಮವನು ಅಂತ ಎಳೆದಾಡೋರು ಫೆರ್ಡೆನ್ ಹೆಸರು ಎತ್ತಲ್ಲ. ಇದು ಆ ಒಪ್ಪಂದದ ವೆರ್ಡನ್ ಅಲ್ಲ, ಉತ್ತರ ಜರ್ಮನಿಯ ಊರು. 782ರಲ್ಲಿ ಅಲ್ಲಿ ಒಂದೇ ದಿನ ಆ ಭಾಗದ ಸ್ಯಾಕ್ಸನ್ ಜನಾಂಗದ 4,500 ಮಂದಿಯ ತಲೆ ತೆಗೆಸಿದ ಅಂತ ಅವನ ಕಡೆಯವರದೇ ವಾರ್ಷಿಕ ದಾಖಲೆ ಹೇಳುತ್ತೆ. ಸ್ಯಾಕ್ಸನ್ನರ ಮೇಲಿನ ಯುದ್ಧ 772ರಿಂದ 804ರ ತನಕ ಎಳೀತು, ಕ್ರೈಸ್ತ ದೀಕ್ಷಾಸ್ನಾನ ಬೇಡ ಅಂದವನಿಗೆ ಮರಣದಂಡನೆ ಅಂತ ಕಾನೂನೇ ಮಾಡಿದ್ದ. "ಯುರೋಪಿನ ತಂದೆ" ಅಂತ ಹೊಗಳೋವಾಗ ಇದನ್ನೂ ಹೇಳಬೇಕು, ನಾನು ಹೇಳ್ತೀನಿ, ಕೇಳೋರಿಗೆ ಇಷ್ಟ ಆಗಲ್ಲ.

ನನ್ನನ್ನ ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇದೆ. ಬರೆಯೋಕೆ ಬಾರದವನು ಅಕ್ಷರದ ಬಗ್ಗೆ ಅಷ್ಟೊಂದು ತಲೆ ಯಾಕೆ ಕೆಡಿಸ್ಕೊಂಡ? ಮಠಗಳಲ್ಲೂ ಬಿಷಪ್‌ಗಳ ಹತ್ರಾನೂ ಹುಡುಗರಿಗೆ ಓದು ಕಲಿಸಬೇಕು, ಪುಸ್ತಕಗಳ ತಪ್ಪು ತಿದ್ದಬೇಕು ಅಂತ 789ರಲ್ಲಿ ಆಜ್ಞೆ ಹೊರಡಿಸಿದ. ಜನ ದೇವರನ್ನ ಸರಿಯಾಗಿ ಬೇಡ್ಕೋಬೇಕು ಅಂತಾನೇ ಕೂತಿರ್ತಾರೆ, ಪುಸ್ತಕದಲ್ಲಿ ತಪ್ಪಿದ್ರೆ ಬೇಡಿಕೆಯೂ ತಪ್ಪಾಗುತ್ತೆ ಅನ್ನೋದು ಕಾರಣ. ಅವನ ಕಾಲದಲ್ಲಿ ಹರಡಿದ ದುಂಡಗಿನ ಬಿಡಿಬಿಡಿ ಅಕ್ಷರ ಮುಂದೆ ಇಟಲಿಯ ವಿದ್ವಾಂಸರ ಕೈ ಸೇರಿ ಅಚ್ಚುಮೊಳೆಗೂ ಬಂತು, ಇವತ್ತು ಇಂಗ್ಲಿಷ್ ಪುಸ್ತಕದಲ್ಲಿ ನಾವು ಓದೋ ಸಣ್ಣಕ್ಷರ ಅದೇ ವಂಶದ್ದು.

ಕ್ಯಾಥೆಡ್ರಲ್‌ನಿಂದ ಹೊರಗೆ ಬಂದು ಬೇಕರಿ ಮುಂದೆ ಕಾಫಿ ಕುಡೀತಾ ಮಾವನಿಗೆ ಇದನ್ನ ಹೇಳಿದೆ. ಅವರು ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು, ಎಷ್ಟು ಮಕ್ಕಳ ಕೈ ಹಿಡಿದು ತಿದ್ದಿಸಿದ್ದಾರೋ ಲೆಕ್ಕ ಇಲ್ಲ. ಚಕ್ರವರ್ತಿ ದಿಂಬಿನ ಕೆಳಗೆ ಬರೆಯೋ ಹಲಗೆ, ಹಾಳೆ ಇಟ್ಕೊಂಡು ಮಲಗ್ತಿದ್ದ, ಬಿಡುವಾದಾಗ ಎದ್ದು ಅಕ್ಷರ ತಿದ್ದುತ್ತಿದ್ದ, ವಯಸ್ಸು ಮೀರಿ ಶುರುಮಾಡಿದ್ದಕ್ಕೆ ಕೈ ಕೂಡಿಬರ್ಲಿಲ್ಲ ಅಂತ ಅವನ ಆಸ್ಥಾನದ ಐನ್‌ಹಾರ್ಡ್ ಬರೆದಿಟ್ಟಿದ್ದಾನೆ ಅಂದೆ.

ಮಾವ ಕಪ್ ಕೆಳಗಿಟ್ರು. "ಅವನಿಗೆ ಮೇಷ್ಟ್ರು ಯಾರಿದ್ರೋ?"

ವ್ಯಾಕರಣಕ್ಕೆ ಪೀಸಾದ ಪೀಟರ್, ಮಿಕ್ಕ ವಿದ್ಯೆಗೆ ಇಂಗ್ಲೆಂಡಿನ ಯಾರ್ಕ್‌ನಿಂದ ಬಂದ ಅಲ್ಕುಯಿನ್ ಅಂದೆ. ಬಸ್ ಬರೋ ತನಕ ಆ ಅಲ್ಕುಯಿನ್‌ದೇ ಮಾತು.