ಭೂಮಿ ಹುಣ್ಣಿಮೆಯಿಂದ ದೀಪಾವಳಿವರೆಗೆ: ಸಾಗರದ ಕಡೆ ಚಿತ್ತಾರ, ಹಾಡು ಕಲಿಯಲು ಹೋಗುವವರಿಗೆ

ಟಿಕೆಟ್ ಬುಕ್ ಮಾಡುವ ಮೊದಲು ಪಂಚಾಂಗ ತೆಗೆದು ನೋಡಿ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರದ ಕಡೆ ಚಿತ್ತಾರ ಬರೆಯುವವರು, ಹಾಡುವವರು, ಡೊಳ್ಳು ಬಾರಿಸುವವರು ಬಹುಪಾಲು ಬೇಸಾಯದವರು. ಜುಲೈ, ಆಗಸ್ಟ್‌ನಲ್ಲಿ ಗದ್ದೆ ನಾಟಿ. ದೀಪಾವಳಿ ಮುಗಿದ ಮೇಲೆ ಭತ್ತದ ಕೊಯ್ಲು, ಅದರ ಬೆನ್ನಿಗೇ ಅಡಿಕೆ ಸುಗ್ಗಿ. ಅಡಿಕೆ ಗೊನೆ ಇಳಿಸಿದ ಮನೆಯಲ್ಲಿ ರಾತ್ರಿ ಹನ್ನೊಂದಾದರೂ ಅಡಿಕೆ ಸುಲಿಯುವುದು ಮುಗಿದಿರುವುದಿಲ್ಲ. ಆಗ ಹೋಗಿ 'ಸ್ವಲ್ಪ ಹೇಳಿಕೊಡಿ' ಅಂದರೆ ಯಾರೂ ಆಗಲ್ಲ ಅನ್ನುವುದಿಲ್ಲ. ಆದರೆ ಅವರ ಒಂದು ದಿನದ ಕೆಲಸ ಕೆಡುತ್ತದೆ.

ನಾನು ಮತ್ತು ಅಕ್ಕ ಆರಿಸಿಕೊಂಡಿದ್ದು ವಿಜಯದಶಮಿಯಿಂದ ದೀಪಾವಳಿವರೆಗಿನ ಕಾಲ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ, ಮನೆಯಲ್ಲಿ ಸ್ವಲ್ಪ ಬಿಡುವಿರುತ್ತದೆ. ಬುಟ್ಟಿಗೆ ಚಿತ್ತಾರ ಬರೆಯುವುದು, ಗದ್ದೆಯಲ್ಲಿ ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ, ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಅಂಟಿಗೆ ಪಂಟಿಗೆ ಎಲ್ಲವೂ ಇದೇ ಅವಧಿಯಲ್ಲಿ ಬರುತ್ತವೆ. ಅಷ್ಟು ದಿನ ರಜೆ ಸಿಗದವರು ಹುಣ್ಣಿಮೆ ಅಥವಾ ದೀಪಾವಳಿ, ಎರಡರಲ್ಲಿ ಒಂದನ್ನು ಹಿಡಿಯಿರಿ. ನನ್ನನ್ನು ಕೇಳಿದರೆ ಹುಣ್ಣಿಮೆ.

ಬೆಂಗಳೂರಿನವರಿಗೆ ಸುಲಭದ ದಾರಿ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು. ಇಳಿಯುವ ಸ್ಟೇಷನ್ನನ್ನು ಟಿಕೆಟ್ ಬುಕ್ ಮಾಡುವಾಗ 'ಸಾಗರ ಜಂಬಗಾರು' ಅಂತ ಹುಡುಕಬೇಕು. ಶಿವಮೊಗ್ಗದಿಂದ ಬಸ್ಸಿನಲ್ಲಾದರೆ ಸುಮಾರು 70 ಕಿಲೋಮೀಟರ್. ಸಾಗರದಲ್ಲೇ ಉಳಿದುಕೊಳ್ಳುವುದು ಒಳ್ಳೆಯದು. ಹಳ್ಳಿಗಳಿಗೆ ಹೋಗುವ ಬಸ್ಸುಗಳು ಕಡಿಮೆ, ಸಂಜೆ ವಾಪಸ್ ಬರುವ ಬಸ್ಸು ಎಷ್ಟಕ್ಕೆ ಅಂತ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ. ಹಬ್ಬದ ರಾತ್ರಿಗಳಿಗಂತೂ ಮೊದಲೇ ಆಟೋ ಅಥವಾ ಕಾರು ಮಾತಾಡಿಟ್ಟುಕೊಳ್ಳಬೇಕು.

ಇನ್ನು ಚಿತ್ತಾರ. ಇಲ್ಲಿನ ದೀವರು ಅನ್ನುವ ಸಮುದಾಯದ ಮನೆಯ ಹೆಂಗಸರು ಮದುವೆಯ ಹೊತ್ತಿಗೆ ಗೋಡೆಯ ಮೇಲೆ ಬರೆಯುವುದು ಹಸೆ ಚಿತ್ತಾರ. ಗೋಡೆಗೆ ಮೊದಲು ಕೆಮ್ಮಣ್ಣು ಬಳಿಯುತ್ತಾರೆ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಯಾಗುವವರೆಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಅಂದರೆ ಪುಂಡಿ ನಾರು, ತುದಿಯನ್ನು ಬೇಕಾದಷ್ಟು ಸಣ್ಣಕ್ಕೆ ಮಾಡಿಕೊಂಡಿರುತ್ತಾರೆ. ತೇರು, ಬಾಸಿಂಗ, ಮದುಮಕ್ಕಳು, ಭತ್ತದ ತೆನೆ ಎಲ್ಲವೂ ಗೆರೆಗಳಲ್ಲೇ ಮೂಡುತ್ತವೆ. ಸ್ಕೇಲ್ ಇಲ್ಲ, ಪೆನ್ಸಿಲ್ ಇಲ್ಲ, ಅಳಿಸುವುದೂ ಇಲ್ಲ.

ಕಲಿಯಲು ಕೂತರೆ ಮೊದಲ ದಿನ ಪೂರ್ತಿ ಗೆರೆಯೇ. ನಮಗೆ ಹೇಳಿಕೊಟ್ಟ ಅಮ್ಮ ಒಂದು ಹಳೇ ಮಣೆಗೆ ಕೆಮ್ಮಣ್ಣು ಬಳಿದು ನಮ್ಮ ಮುಂದಿಟ್ಟರು. ಉದ್ದ ಗೆರೆ, ಅಡ್ಡ ಗೆರೆ, ಓರೆ ಗೆರೆ. ಅಕ್ಕ ತೇರು ಯಾವಾಗ ಅಂತ ಕೇಳಿದಳು. "ತೇರಿಗೆ ಏನ್ ಅವಸರ ತಂಗೀ? ಗೆರೆ ನೆಟ್ಟಗೆ ನಿಂತ್ರೆ ತೇರು ತಾನೇ ಬರ್ತದೆ" ಅಂದರು. ನಾರನ್ನು ಒತ್ತಿ ಹಿಡಿಯಬಾರದು. ತುದಿಯಲ್ಲಿರುವ ಹಿಟ್ಟು ಗೋಡೆಗೆ ತಾನಾಗಿ ಇಳಿಯಬೇಕು, ಕೈ ಸುಮ್ನೆ ದಾರಿ ತೋರಿಸಬೇಕು. ಇದು ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ, ಅವರ ಪಕ್ಕದಲ್ಲಿ ಕೂತು ಮಣಿಕಟ್ಟು ಹೇಗೆ ತಿರುಗುತ್ತದೆ ಅಂತ ನೋಡಬೇಕು. ಬರೆಯುತ್ತಾ ಅವರು ಹಾಡುತ್ತಿದ್ದರು. ನಮಗೆ ಹಾಡಿದ್ದಲ್ಲ, ಕೆಲಸದ ಜೊತೆಗೆ ಬರುವ ಹಾಡು. ಫೋನ್ ಹಿಡಿದು 'ಇನ್ನೊಂದ್ಸಲ ಹಾಡಿ' ಅಂದರೆ ಆ ಹಾಡು ಬೇರೆಯೇ ಆಗಿಬಿಡುತ್ತದೆ. ಮೊದಲು ಕೇಳಿಸಿಕೊಳ್ಳಿ. ರೆಕಾರ್ಡ್ ಮಾಡಬೇಕಾದರೆ ಸಂಜೆ ಬಿಡುವಾದಾಗ ಒಪ್ಪಿಗೆ ಕೇಳಿ ಮಾಡಿಕೊಳ್ಳಿ.

ಮಣ್ಣಿನ ಗೋಡೆಯ ಮೇಲಿನ ಹಳೆಯ ಚಿತ್ತಾರ ಈಗ ಎಲ್ಲ ಕಡೆ ಸಿಗುವುದಿಲ್ಲ. ಸಿಮೆಂಟ್ ಗೋಡೆ, ಪೇಂಟ್ ಬಂದ ಮೇಲೆ ಹಸೆ ಎಷ್ಟೋ ಮನೆಗಳಲ್ಲಿ ಕಾಗದಕ್ಕೆ, ಬಟ್ಟೆಗೆ ಇಳಿಯಿತು. ಇದಕ್ಕೂ ಮೊದಲಿನ ಪೆಟ್ಟೊಂದಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ದೀವರ ಊರುಗಳೂ ಇದ್ದವು. ಚಿತ್ತಾರದ ಗೋಡೆಗಳೂ ಆ ಮನೆಗಳ ಜೊತೆಗೇ ನೀರಿಗೆ ಹೋದವು. ಹಾಗಾಗಿ ಫ್ರೇಮ್ ಹಾಕಿದ ಚಿತ್ತಾರ ಕಂಡಾಗ 'ಇದು ಅಸಲಿ ಅಲ್ಲ' ಅಂತ ಮೂಗು ಮುರಿಯಬೇಡಿ. ಕೈ ಅದೇ, ಗೆರೆ ಅದೇ. ಬಣ್ಣ ಮಾತ್ರ ಕೆಮ್ಮಣ್ಣಿನದೋ ಅಂಗಡಿಯದೋ ಅಂತ ಧಾರಾಳವಾಗಿ ಕೇಳಿ, ನಮಗೆ ಸಿಕ್ಕವರೆಲ್ಲ ನೇರವಾಗಿ ಹೇಳಿದರು. ಅದೇ ಹೆಂಗಸರು ಭತ್ತದ ತೆನೆಯ ತೋರಣ, ಮಡಕೆ ಇಡುವ ಹುಲ್ಲಿನ ಸಿಂಬೆಯನ್ನೂ ಹೆಣೆಯುತ್ತಾರೆ. ತೋರಣಕ್ಕೆ ಒಂದೊಂದೇ ತೆನೆ ಸೇರಿಸಿ ಹೆಣೆಯುವುದನ್ನು ನೋಡಿದ ಮೇಲೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ.

ಭೂಮಿ ಹುಣ್ಣಿಮೆಯ ಬುಟ್ಟಿ ಬರೆಯುವುದನ್ನು ನೋಡಬೇಕಾದರೆ ಹುಣ್ಣಿಮೆಯ ದಿನ ಹೋದರೆ ತಡ. ಮಹಾನವಮಿ, ವಿಜಯದಶಮಿಯ ಹೊತ್ತಿಗೆ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸುತ್ತಾರೆ. ಆಮೇಲೆ ಹುಣ್ಣಿಮೆಯೊಳಗೆ ಬಿಡುವು ಸಿಕ್ಕ ಮಧ್ಯಾಹ್ನಗಳಲ್ಲಿ ಚಿತ್ತಾರ. ಇದಕ್ಕೆ ಭೂಮಣ್ಣಿ ಬುಟ್ಟಿ ಅನ್ನುತ್ತಾರೆ. ದುಂಡಗಿನ ಬುಟ್ಟಿಯ ಮೇಲೆ ಗೆರೆ ನೇರವಾಗಿ ಎಳೆಯುವುದು ಗೋಡೆಗಿಂತ ಕಷ್ಟ.

ಹುಣ್ಣಿಮೆಯ ಹಿಂದಿನ ರಾತ್ರಿ ಮನೆ ಮಲಗುವುದಿಲ್ಲ. ಬಸುರಿ ಭೂಮಿತಾಯಿಯ ಬಯಕೆ ತೀರಿಸುವ ಹಬ್ಬ ಇದು. ಕಾಡು, ಹಿತ್ತಿಲಿನಿಂದ ತಂದ ಬಗೆಬಗೆಯ ಸೊಪ್ಪು ಬೇಯುತ್ತಿರುತ್ತದೆ, ಕಡುಬು ಆಗುತ್ತಿರುತ್ತದೆ. ಬೆಳಕು ಹರಿಯುವ ಮೊದಲೇ ಮನೆಯವರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಭೂಮಿತಾಯಿ ಉಂಡು ಹೋಗಲಿ ಅಂತ ಕೂಗುತ್ತಾ ಆ ಸೊಪ್ಪಿನ ಚರಗ, ಅಂದರೆ ಎಡೆ, ಬೀರುತ್ತಾರೆ. ಬೆಳಿಗ್ಗೆ ಗದ್ದೆಯಲ್ಲಿ ಪೂಜೆ. ಮನೆಯ ಹೆಂಗಸರ ಕೊರಳಿನ ಸರ ತೆಗೆದು ಪೈರಿಗೆ ತೊಡಿಸುತ್ತಾರೆ. ಪೂಜೆಯ ನಂತರ ಅಲ್ಲೇ ಊಟ. ಕರೆದರೆ ಮಾತ್ರ ಹೋಗಿ. ಕರೆದರೆ ಖಂಡಿತ ಹೋಗಿ, ಉಪವಾಸ ಹೋಗಿ! ಅಂಚಿನ ಮೇಲೆ ನಡೆಯುವಾಗ ಪೈರು ತುಳಿಯದಂತೆ ನೋಡಿಕೊಳ್ಳಿ. ಮಳೆ ಪೂರ್ತಿ ಹೋಗಿರುವುದಿಲ್ಲ, ಇಂಬಳ, ಅಂದರೆ ಜಿಗಣೆ, ಇರುತ್ತದೆ. ಒಂದು ಪೊಟ್ಟಣ ಉಪ್ಪು ಜೇಬಿನಲ್ಲಿರಲಿ.

ಅಲ್ಲಿಂದ ದೀಪಾವಳಿವರೆಗಿನ ದಿನಗಳಿಗೆ ಹೆಗ್ಗೋಡು ಹತ್ತಿರವೇ ಇದೆ. 1949ರಲ್ಲಿ ಶುರುವಾದ ಅಲ್ಲಿನ ನಾಟಕ ಸಂಸ್ಥೆ ನೀನಾಸಂ ಬಗ್ಗೆ ನಾನು ಜಾಸ್ತಿ ಹೇಳಬೇಕಿಲ್ಲ. ಅಕ್ಟೋಬರ್‌ನಲ್ಲಿ ಅಲ್ಲಿ ಶಿಬಿರ ನಡೆಯುವುದುಂಟು, ನಿಮ್ಮ ದಿನಗಳಿಗೆ ಹೊಂದುತ್ತದೆಯೇ ಅಂತ ಮೊದಲೇ ವಿಚಾರಿಸಿ. ಪಕ್ಕದ ಭೀಮನಕೋಣೆಯಲ್ಲಿ ಚರಕ ಇದೆ. ಹಳ್ಳಿಯ ಹೆಂಗಸರು ಕೈಮಗ್ಗದಲ್ಲಿ ನೇಯ್ದು ನೈಸರ್ಗಿಕ ಬಣ್ಣ ಹಾಕುತ್ತಾರೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ಬರುವ ಕಂದುಗೆಂಪು ಬಣ್ಣವನ್ನು ಅಲ್ಲೇ ನೋಡಬೇಕು. ಸಾಗರ ಪೇಟೆಯಲ್ಲಿ ಗುಡಿಗಾರರ ಗಂಧದ ಕೆತ್ತನೆಯಿದೆ. ಗಂಧ ಸಿಗುವುದು ಕಷ್ಟವಾದ ಮೇಲೆ ಬೇರೆ ಮರಗಳಲ್ಲೂ ಕೆತ್ತುತ್ತಾರೆ, ಕೊಳ್ಳುವಾಗ ಯಾವ ಮರ ಅಂತ ಕೇಳಿ ಬಿಲ್ ತೆಗೆದುಕೊಳ್ಳಿ. ವಾಪಸ್ ಹೋಗುವಾಗ ಶಿವಮೊಗ್ಗದಲ್ಲಿ ಅರ್ಧ ದಿನ ಉಳಿದರೆ ತುಂಗೆಯ ದಡದ ಹೊಸಹಳ್ಳಿಗೆ ಹೋಗಿಬನ್ನಿ. ಜಾನಪದ ಅಲ್ಲದಿದ್ದರೂ ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯ, ಊರು ಅದು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್. ಆರ್. ಕೇಶವಮೂರ್ತಿ ಅಲ್ಲಿಯವರಾಗಿದ್ದರು.

ಅಂಟಿಗೆ ಪಂಟಿಗೆ ಬಲಿಪಾಡ್ಯಮಿಯ ಹೊತ್ತಿನ ರಾತ್ರಿಗಳದ್ದು. ದೇವಸ್ಥಾನದಲ್ಲಿ ಹಚ್ಚಿದ ದೀಪ ಹಿಡಿದು ಗಂಡಸರ ತಂಡ ಮನೆಮನೆಗೆ ಹೋಗುತ್ತದೆ. ಇಬ್ಬರು ಮೊದಲು ಹೇಳುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಮುಚ್ಚಿದ ಬಾಗಿಲ ಮುಂದೆ ಬಾಗಿಲು ತೆಗೆಯುವ ಪದ ಹಾಡಿದ ಮೇಲೆಯೇ ಮನೆಯವರು ತೆಗೆಯುವುದು. ದೀಪಕ್ಕೆ ಎಣ್ಣೆ ಹಾಕುತ್ತಾರೆ, ಅಕ್ಕಿ, ಅಡಿಕೆ, ದುಡ್ಡು ಕೊಡುತ್ತಾರೆ. ದೀಪ ದಾರಿಯಲ್ಲಿ ಆರಬಾರದು, ಆದ್ದರಿಂದ ದೀಪ ಹಿಡಿದವರ ಹತ್ತಿರ ನುಗ್ಗಬೇಡಿ. ತಂಡದ ಹಿಂದೆ ನಡೆಯಿರಿ. ಟಾರ್ಚ್ ನೆಲಕ್ಕೆ ಮಾತ್ರ, ಫ್ಲ್ಯಾಶ್ ಬೇಡವೇ ಬೇಡ. ಊರಿನವರೊಬ್ಬರು ಜೊತೆಗಿದ್ದರೆ ಒಳ್ಳೆಯದು, ನಾಯಿಗಳ ಕಾಟವೂ ಕಡಿಮೆ. ಹೆಂಗಸರು ಜೊತೆ ಹೋಗಬಹುದೇ ಅಂತ ತಂಡದ ಹಿರಿಯರನ್ನು ಮೊದಲೇ ಕೇಳಿ. ನಾವು ಒಂದು ಮನೆಯ ಜಗಲಿಯಲ್ಲಿ ಕೂತು ಕಾದೆವು. ದೂರದ ತೋಟದಾಚೆ ಸೊಲ್ಲು ಕೇಳಿಸಿ, ಅದು ಹತ್ತಿರ ಹತ್ತಿರ ಬರುವುದನ್ನು ಕೇಳಲು ಜಗಲಿಯೇ ಒಳ್ಳೆ ಜಾಗ.

ದುಡ್ಡಿನ ಮಾತು. ಕಲಿಸುವವರು ತಾವಾಗಿ ಇಷ್ಟು ಕೊಡಿ ಅನ್ನುವುದಿಲ್ಲ. 'ಅಯ್ಯೋ, ಅದೆಲ್ಲ ಎಂತಕ್ಕೆ' ಅನ್ನುತ್ತಾರೆ. ಅದನ್ನು ಕೇಳಿ ಸುಮ್ಮನಾಗಬೇಡಿ. ಊರಿನಲ್ಲಿ ಒಂದು ದಿನದ ಕೂಲಿ ಎಷ್ಟು ಅಂತ ತಿಳಿದುಕೊಂಡು, ಕಲಿಸಿದ ದಿನಕ್ಕೆ ಅದಕ್ಕಿಂತ ಜಾಸ್ತಿಯೇ ಕೊಡಿ. ಅದು ಎಷ್ಟೋ ವರ್ಷದ ಕೈಕೆಲಸ. ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿಟ್ಟು ಕೊಟ್ಟರೆ ತೆಗೆದುಕೊಳ್ಳುವವರಿಗೂ ಮುಜುಗರವಿಲ್ಲ. ನೆಟ್‌ವರ್ಕ್ ಇಲ್ಲದ ಊರುಗಳಲ್ಲಿ ಫೋನ್ ಪೇ ನಡೆಯುವುದಿಲ್ಲ, ಸಾಗರದಲ್ಲೇ ನಗದು ತೆಗೆದಿಟ್ಟುಕೊಳ್ಳಿ. ಚಿತ್ತಾರದ ಫೋಟೋ ಎಲ್ಲಾದರೂ ಹಾಕುವುದಾದರೆ ಬರೆದವರ ಹೆಸರು ಹಾಕಬಹುದೇ ಅಂತ ಕೇಳಿ, ಒಪ್ಪಿದರೆ ಹೆಸರು ಹಾಕಿ. ದಿನ ಗೊತ್ತು ಮಾಡಲು ಫೋನ್ ಮಾಡುವುದಾದರೆ ರಾತ್ರಿ ಎಂಟರ ಮೇಲೆ ಮಾಡಿ, ಹಗಲು ಅವರು ಗದ್ದೆಯಲ್ಲಿರುತ್ತಾರೆ.