ಬಾವುಟ ಇಳಿಸುವ ಹೊತ್ತು

ಆಗಸ್ಟ್ 15 ಮತ್ತು ಜನವರಿ 26ಕ್ಕೆ ಮನೆಯ ತಾರಸಿ ಮೇಲೆ ಬಾವುಟ ಹಾರಿಸುವುದು ನಮ್ಮಲ್ಲಿ ಮುತ್ತಾತನ ಕಾಲದಿಂದ ಬಂದ ರೂಢಿ. ಆಗ ಜನಸಾಮಾನ್ಯರು ಬೇಕೆಂದ ದಿನ ಹಾರಿಸುವಂತಿರಲಿಲ್ಲ. ಕೆಲವು ವಿಶೇಷ ದಿನಗಳಿಗಷ್ಟೇ ಅವಕಾಶ. ಆ ಕಟ್ಟುಪಾಡು ಸಡಿಲವಾಗಿದ್ದು 2002ರ ಜನವರಿ 26ರಂದು, ಹೊಸ ಧ್ವಜ ಸಂಹಿತೆ ಜಾರಿಗೆ ಬಂದಾಗ. ಗೌರವದಿಂದ ಬಾವುಟ ಹಾರಿಸುವುದು ನಾಗರಿಕರ ಮೂಲಭೂತ ಹಕ್ಕು ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಮನೆಯಲ್ಲಿ ಮಾತ್ರ ಈಗಲೂ ಆ ಎರಡೇ ದಿನ.

ಬೆಳಿಗ್ಗೆ ಏರಿಸುವಾಗ ತಾರಸಿ ತುಂಬಾ ಜನ. ಸಂಜೆ ಇಳಿಸಲು ಉಳಿಯುವುದು ಅಪ್ಪ, ನಾನು, ನನ್ನ ಮಗಳು. ನನಗೆ ಆ ಸಂಜೆಯೇ ಜಾಸ್ತಿ ಇಷ್ಟ. ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ. ಅಪ್ಪ ಹಗ್ಗ ಸಡಿಲಿಸುವ ರೀತಿಯಲ್ಲೇ ಅದು ಕಾಣುತ್ತದೆ.

ಈ ಸಲ ಮಗಳು ಕೇಳಿದಳು: "ತಾತ, ಈಗ ರಾತ್ರಿನೂ ಬಿಡಬಹುದಂತೆ, ಅಲ್ವಾ?"

ಹೌದು, 2022ರಲ್ಲಿ ನಿಯಮ ಬದಲಾಗಿದೆ. ಮನೆಗಳ ಮೇಲೆ ಹಗಲು ರಾತ್ರಿ ಹಾರಿಸಬಹುದು.

"ಬಿಡಬಹುದು ಪುಟ್ಟಿ. ರಾತ್ರಿ ಗಾಳಿ ಮಳೆ ಬಂದ್ರೆ ನೋಡ್ಕೊಳ್ಳೋರು ಯಾರು?" ಅಂದರು ಅಪ್ಪ.

ನಮ್ಮದು ಖಾದಿಯ ಬಾವುಟ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾದದ್ದು. ನೆಲಕ್ಕೆ ತಾಗದಂತೆ ಮೂವರೂ ಅಡ್ಡಲಾಗಿ ಹಿಡಿದೆವು. ಕೇಸರಿ, ಹಸಿರು ಪಟ್ಟಿಗಳು ಬಿಳಿಯ ಕೆಳಗೆ ಹೋಗಬೇಕು. ಆಮೇಲೆ ಎರಡೂ ಬದಿಯಿಂದ ಮಡಚಿದರೆ ಮೇಲೆ ಅಶೋಕ ಚಕ್ರ, ಜೊತೆಗೆ ಎರಡೂ ಬಣ್ಣದ ಸ್ವಲ್ಪ ಭಾಗ ಕಾಣುತ್ತದೆ. ಹಾಗೆ ಮಡಚುವಾಗಲೇ ಮಗಳ ಬೆರಳಿಗೆ ಹರಿದ ಅಂಚು ಸಿಕ್ಕಿತು. ಹೊಲಿಗೆ ಬಿಟ್ಟು ನೂಲು ಜೋತಾಡುತ್ತಿತ್ತು.

ಹೊಲಿದುಬಿಡೋಣ ಅಂದೆ. ಬಣ್ಣವೂ ಮಾಸಿದೆ, ಇದರ ಕೆಲಸ ಮುಗಿಯಿತು ಅಂದರು ಅಪ್ಪ. ಹಾಳಾದ ಬಾವುಟ ಒರೆಸುವ ಬಟ್ಟೆಯಾಗಬಾರದು, ಕಸಕ್ಕೂ ಹೋಗಬಾರದು. ಹೊರಗಿನವರ ಕಣ್ಣಿಗೆ ಬೀಳದ ಕಡೆ, ಗೌರವದಿಂದ, ಪೂರ್ತಿಯಾಗಿ ಸುಡುವುದೇ ಒಳ್ಳೆಯದು ಎನ್ನುತ್ತದೆ ಸಂಹಿತೆ. ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಹಾಗೆಯೇ ಮಾಡಿದೆವು. ಪೂರ್ತಿ ಉರಿದು ಮುಗಿಯುವ ತನಕ ಮಗಳು ಕದಲಲಿಲ್ಲ. ಮಕ್ಕಳಿಗೆ ಇದನ್ನೂ ತೋರಿಸಬೇಕು ಅನ್ನುವುದು ನನ್ನ ನಂಬಿಕೆ. ಏರಿಸುವುದನ್ನು ಶಾಲೆಯಲ್ಲಿ ನೋಡುತ್ತಾರೆ, ಇದನ್ನು ಮನೆಯಲ್ಲೇ ನೋಡಬೇಕು.

ಆಗಸ್ಟ್ ಮುಗಿದರೂ ನಮ್ಮ ಬೀದಿಯ ಕೆಲವು ಬಾಲ್ಕನಿಗಳಲ್ಲಿ ಬಾವುಟಗಳು ಬಿಸಿಲಿಗೆ ಬಿಳಿಚಿಕೊಂಡು ಹಾಗೇ ಇದ್ದವು. ಪ್ರೀತಿಯಿಂದಲೇ ಕಟ್ಟಿದ್ದರು, ಇಳಿಸಲು ಯಾರಿಗೂ ನೆನಪಾಗಿರಲಿಲ್ಲ. ಅಪ್ಪ ಒಂದು ಭಾನುವಾರ ಮನೆಮನೆಗೆ ಹೋಗಿ, "ಇಳಿಸಿ ಮಡಚಿಡಿ, ಜನವರಿಗೂ ಬರುತ್ತೆ" ಎಂದು ಹೇಳಿ ಬಂದರು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಮಡಚುವುದು ಹೇಗೆ ಅಂತ ಕೇಳಿದವರಿಗೆ ಮಗಳೇ ತೋರಿಸಿಕೊಟ್ಟಳು. ನಮ್ಮ ಮನೆಗೆ ಹೊಸ ಬಾವುಟ ಬೆಂಗೇರಿಯಿಂದಲೇ ಬರಬೇಕು. ಜನವರಿ 26ರೊಳಗೆ ತರಿಸುವ ಹೊಣೆ ನನ್ನದು.