ಕ್ಯಾಲೊರಿಯೂ ಬಚ್ಚಲೊಲೆಯೂ

ಬಿಸ್ಕತ್ ಪ್ಯಾಕೆಟ್ ಮೇಲೆ ಕ್ಯಾಲೊರಿ ಅಂತ ನೋಡಿದರೆ ಎಲ್ಲರಿಗೂ ತೂಕದ ಚಿಂತೆ. ಆದರೆ ಈ ಪದ ಬಳಕೆಗೆ ಬಂದದ್ದು ನೀರು ಕಾಯಿಸೋ ಲೆಕ್ಕಕ್ಕೆ. ಲ್ಯಾಟಿನ್‌ನಲ್ಲಿ ‘ಕಲೋರ್’ ಅಂದ್ರೆ ಬಿಸಿ, ಶಾಖ. 1820ರ ದಶಕದಲ್ಲಿ ಪ್ಯಾರಿಸ್‌ನ ವಿಜ್ಞಾನಿ ನಿಕೊಲಾ ಕ್ಲೆಮಾನ್ ತಮ್ಮ ಪಾಠಗಳಲ್ಲಿ, ಒಂದು ಕಿಲೋ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸೋ ಶಾಖಕ್ಕೆ ಈ ಹೆಸರು ಬಳಸಿದರು. ಊಟದ ಲೆಕ್ಕಕ್ಕೆ ಅದು ಬಂದದ್ದು ಆಮೇಲೆ. ಪ್ಯಾಕೆಟ್ ಮೇಲಿರೋದೂ ಇದೇ ಅಳತೆ. ಭೌತಶಾಸ್ತ್ರದ ಪುಸ್ತಕದ ಕ್ಯಾಲೊರಿ ಇದರ ಸಾವಿರದಲ್ಲೊಂದು ಪಾಲು.

ಇದು ಗೊತ್ತಾದ ಮೇಲೆ ತೀರ್ಥಹಳ್ಳಿ ಮನೆಯ ಬಚ್ಚಲೊಲೆ ಮುಂದೆ ಕೂತು ಲೆಕ್ಕ ಹಾಕಿದೆ. ಹಂಡೆಯಲ್ಲಿ 40 ಲೀಟರ್ ನೀರು, 20 ಡಿಗ್ರಿಯಿಂದ 45ಕ್ಕೆ ಏರಬೇಕು: 1,000 ಕ್ಯಾಲೊರಿ. ಒಣ ಸೌದೆ ಕಿಲೋಗೆ ಸುಮಾರು 3,500 ಕೊಡುತ್ತೆ. ಅಂದ್ರೆ 300 ಗ್ರಾಂ ಸಾಕಾಗಬೇಕು! ಆದರೆ ಬಹುಪಾಲು ಶಾಖ ಹೊಗೆ ಜೊತೆ ಹೋಗುತ್ತೆ, ಒಲೆಯ ಗೋಡೆ ಕುಡಿಯುತ್ತೆ. ಮಳೆಗಾಲದಲ್ಲಿ ಇನ್ನೂ ಕಷ್ಟ. ಹಸಿ ಸೌದೆಯ ತುದಿಯಲ್ಲಿ ಸುಂಯ್ ಅಂತ ನೊರೆ ಉಕ್ಕುತ್ತಲ್ಲ, ಆ ನೀರು ಲೀಟರಿಗೆ 600ಕ್ಕೂ ಹೆಚ್ಚು ಕ್ಯಾಲೊರಿ ತಿಂದು ಆವಿಯಾಗುತ್ತೆ.

ಮಳೆ ಹಿಡಿಯೋ ಮೊದಲೇ ಸೌದೆ ಕೊಟ್ಟಿಗೆ ತುಂಬಿಸಿ ಅಂತ ಅಮ್ಮ ಅಷ್ಟು ಜೀವ ಹಿಂಡೋದು ಇದಕ್ಕೇ. ಅವರ ಲೆಕ್ಕ ಪಕ್ಕಾ ಇದೆ. ಈ ಬೇಸಿಗೆಯಲ್ಲಿ ರಜೆ ಹಾಕಿ ಸೌದೆ ಒಟ್ಟೋಕೆ ಹೋಗ್ತೀನಿ.